ಹೊಸ ನೆಲದ ವಲಸಿಗರ ನಡುವೆ ಸಭೆಗಳನ್ನು ಕಟ್ಟಿದವರು ಯಾರು: ಸಂಚಾರಿ ಬೋಧಕನೋ, ಊರಿನವರೋ?

ಪ್ರಶ್ನೆ: ಕಾರವಾರದ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದಲ್ಲಿ ಪದವಿ ತರಗತಿಗಳಿಗೆ ಇತಿಹಾಸ ಕಲಿಸುತ್ತೇನೆ. ಈಗ ಅಮೆರಿಕದ ಪಶ್ಚಿಮ ದಿಕ್ಕಿನ ವಲಸೆಯ ಪಾಠ ನಡೆಯುತ್ತಿದೆ. 1775ರಲ್ಲಿ ಡೇನಿಯಲ್ ಬೂನ್ ಮತ್ತು ಅವನ ಸಂಗಡಿಗರು ಕಂಬರ್‌ಲ್ಯಾಂಡ್ ಕಣಿವೆಯ ಮೂಲಕ ಕಾಡು ಸವರಿ ಕೆಂಟಕಿಗೆ ದಾರಿ ಮಾಡಿದ ಮೇಲೆ ಅಪಲೇಚಿಯನ್ ಪರ್ವತಗಳ ಆಚೆಗೆ ಜನ ಸಾಗಿದ್ದು, 1792ರಲ್ಲಿ ಕೆಂಟಕಿ, 1796ರಲ್ಲಿ ಟೆನೆಸಿ, 1803ರಲ್ಲಿ ಓಹಾಯೊ ಪ್ರತ್ಯೇಕ ರಾಜ್ಯಗಳಾದದ್ದು, ಇವನ್ನೆಲ್ಲ ಪಠ್ಯ ವಿವರವಾಗಿಯೇ ಹೇಳುತ್ತದೆ. ಆದರೆ ಆ ಜನರ ನಡುವೆ ಹುಟ್ಟಿದ ಕ್ರೈಸ್ತ ಸಭೆಗಳ ವಿಷಯಕ್ಕೆ ಬಂದರೆ, ಕುದುರೆಯೇರಿ ಬಂದ ಪ್ರವರ್ತಕ ಬೋಧಕರು ಊರೂರುಗಳಲ್ಲಿ ಚರ್ಚುಗಳನ್ನು ಸ್ಥಾಪಿಸಿದರು ಎಂಬ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತದೆ.

ಈ ವಾಕ್ಯವನ್ನು ಓದಿದಾಗ ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಮೈಲಿಗಟ್ಟಲೆ ಕಾಡಿರುವ ಪ್ರದೇಶದಲ್ಲಿ, ಕೈಯಲ್ಲಿ ಹಣವಿಲ್ಲದ ಒಬ್ಬ ಬೋಧಕ ಹತ್ತಾರು ಚರ್ಚುಗಳನ್ನು ಸ್ಥಾಪಿಸಿದ ಎಂದರೆ ಅವನು ನಿಜವಾಗಿ ಮಾಡಿದ್ದೇನು, ಮತ್ತು ಅವನು ಕುದುರೆ ಹತ್ತಿ ಮುಂದಿನ ಊರಿಗೆ ಹೋದ ಮೇಲೆ ಆ ಚರ್ಚಿನ ಗತಿಯೇನಾಗುತ್ತಿತ್ತು ಎಂದು ಅವಳು ಕೇಳಿದಳು. ತಮ್ಮ ಊರಿನ ಇಗರ್ಜಿಯ ಕೆಲಸಕ್ಕೆ ಮನೆಮನೆಯವರೂ ದುಡಿದದ್ದನ್ನು ಹಿರಿಯರಿಂದ ಕೇಳಿ ಬೆಳೆದ ಹುಡುಗಿ ಆಕೆ; ಅವಳಿಗೆ ಈ ಸಂಶಯ ಬಂದದ್ದು ಸಹಜವೇ ಆಗಿತ್ತು.

ನಾನು ತಿಳಿಯಬಯಸುವುದು ಇಷ್ಟು. ಬೋಧಕನಿಗೆ ಸಭೆ ಸ್ಥಾಪಿಸುವ ಅಧಿಕಾರ ಎಲ್ಲಿಂದ ಬರುತ್ತಿತ್ತು, ನೆಲ ಮತ್ತು ಕಟ್ಟಡ ಯಾರ ಹೆಸರಿನಲ್ಲಿರುತ್ತಿದ್ದವು, ಅವನ ಜೀವನ ಹೇಗೆ ನಡೆಯುತ್ತಿತ್ತು, ಎಲ್ಲಕ್ಕಿಂತ ಮುಖ್ಯವಾಗಿ ಅವನಿಲ್ಲದ ದಿನಗಳಲ್ಲಿ ಸಭೆಯನ್ನು ನಡೆಸಿಕೊಂಡು ಹೋಗುತ್ತಿದ್ದವರು ಯಾರು? ಈ ವಿಷಯವನ್ನು ಓದಿಕೊಂಡವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಶಿರಸಿಯ ಓದುಗ

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಬಹಳ ಯೋಗ್ಯವಾದದ್ದು. ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಥವಾದ ಮೆಥಡಿಸ್ಟರ ವ್ಯವಸ್ಥೆಯನ್ನು ಹತ್ತಿರದಿಂದ ನೋಡಿದರೆ ಅದಕ್ಕೆ ಉತ್ತರ ಸಿಗುತ್ತದೆ. ಆದ್ದರಿಂದ ನಾನು ಅದೊಂದನ್ನೇ ಹಿಡಿದು ಬರೆಯುತ್ತೇನೆ.

ಈ ಕಥೆಯ ಕೇಂದ್ರದಲ್ಲಿರುವವನು ಫ್ರಾನ್ಸಿಸ್ ಆಸ್ಬರಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರ 1745ರಲ್ಲಿ ಹುಟ್ಟಿದ ಇವನನ್ನು ಆ ಪಂಥದ ಪ್ರವರ್ತಕ ಜಾನ್ ವೆಸ್ಲಿ 1771ರಲ್ಲಿ ಅಮೆರಿಕಕ್ಕೆ ಕಳುಹಿಸಿದ. ಸ್ವಾತಂತ್ರ್ಯ ಸಮರ ಆರಂಭವಾದಾಗ ವೆಸ್ಲಿ ಕಳುಹಿಸಿದ್ದ ಇತರ ಬೋಧಕರು ಇಂಗ್ಲೆಂಡಿಗೆ ಮರಳಿದರೂ ಆಸ್ಬರಿ ಅಲ್ಲಿಯೇ ಉಳಿದುಕೊಂಡ. ಕೆಲಕಾಲ ಡೆಲವೇರ್‌ನಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಮರೆಯಾಗಿಯೂ ಇರಬೇಕಾಯಿತು. 1784ರ ಕ್ರಿಸ್‌ಮಸ್ ಸಮಯದಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಸಮ್ಮೇಳನದಲ್ಲಿ ಅಮೆರಿಕದ ಮೆಥಡಿಸ್ಟರು ಸ್ವತಂತ್ರ ಸಂಘಟನೆಯಾದರು. ವೆಸ್ಲಿ ತನ್ನನ್ನು ನೇಮಿಸಿದ್ದರೂ, ಬೋಧಕರೆಲ್ಲ ಒಪ್ಪಿ ಆರಿಸಿದ ಹೊರತು ಮುಖ್ಯಸ್ಥನ ಪದವಿಯನ್ನು ಸ್ವೀಕರಿಸುವುದಿಲ್ಲವೆಂದು ಆಸ್ಬರಿ ಹಟ ಹಿಡಿದದ್ದು ಆಗಲೇ. ನಿಮ್ಮ ಮೊದಲನೆಯ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ: ಬೋಧಕನ ಅಧಿಕಾರ ಅವನ ಸ್ವಂತದ್ದಲ್ಲ, ಅದು ಬೋಧಕರ ವಾರ್ಷಿಕ ಸಮ್ಮೇಳನದಿಂದ ಬಂದದ್ದು. ಆದರೆ ಯಾರು ಯಾವ ಪ್ರದೇಶಕ್ಕೆ ಹೋಗಬೇಕೆಂಬ ಕೊನೆಯ ಮಾತು ಬಿಷಪ್ಪನದೇ ಆಗಿತ್ತು. ಇದನ್ನು ಒಪ್ಪದೆ 1792ರಲ್ಲಿ ಜೇಮ್ಸ್ ಓಕೆಲಿ ಎಂಬಾತ ತನ್ನ ಅನುಯಾಯಿಗಳೊಂದಿಗೆ ಹೊರನಡೆದ.

ಬೋಧಕನಿಗೆ ಒಪ್ಪಿಸುತ್ತಿದ್ದುದು ಒಂದು ಊರನ್ನಲ್ಲ, ಒಂದು ಸುತ್ತನ್ನು. ನಮ್ಮ ಯಕ್ಷಗಾನ ಮೇಳಗಳ ತಿರುಗಾಟದಂತೆ, ಎಂದು ಎಲ್ಲಿ ಮೊಕ್ಕಾಂ ಎನ್ನುವುದು ಮೊದಲೇ ನಿಶ್ಚಯವಾಗಿರುತ್ತಿತ್ತು. ಕಾಡಿನ ಪ್ರದೇಶದಲ್ಲಿ ಒಂದು ಸುತ್ತು ಇನ್ನೂರರಿಂದ ಐನೂರು ಮೈಲಿಗಳವರೆಗೂ ಇರುತ್ತಿತ್ತು. ಅದನ್ನು ಮುಗಿಸಲು ನಾಲ್ಕರಿಂದ ಆರು ವಾರ ಹಿಡಿಯುತ್ತಿತ್ತು. ಅಂದರೆ ಒಂದು ಮೊಕ್ಕಾಮಿನ ಜನ ಬೋಧಕನನ್ನು ನೋಡುತ್ತಿದ್ದುದು ತಿಂಗಳಿಗೊಮ್ಮೆ, ಅದೂ ಹೆಚ್ಚಾಗಿ ವಾರದ ನಡುವಿನ ದಿನದಲ್ಲಿ. ಅವನು ಬರುವ ದಿನ ಯಾರದೋ ಮರದ ದಿಮ್ಮಿಯ ಮನೆಯಲ್ಲಿ, ಕಣಜದಲ್ಲಿ, ನ್ಯಾಯಾಲಯದ ಕಟ್ಟಡವಿದ್ದರೆ ಅಲ್ಲಿ, ಏನೂ ಇಲ್ಲದಿದ್ದರೆ ಮರದ ಕೆಳಗೆ ಜನ ಸೇರುತ್ತಿದ್ದರು. ಉಪದೇಶ, ದೀಕ್ಷಾಸ್ನಾನ, ಮದುವೆ, ಹಿಂದಿನ ಭೇಟಿಯ ಬಳಿಕ ತೀರಿಕೊಂಡವರಿಗಾಗಿ ಪ್ರಾರ್ಥನೆ, ಎಲ್ಲವೂ ಒಂದೆರಡು ದಿನಗಳಲ್ಲಿ ಮುಗಿಯಬೇಕಿತ್ತು. ಅದರ ಜೊತೆಗೆ ಜೀನಿನ ಚೀಲದಲ್ಲಿ ತಂದ ಪುಸ್ತಕಗಳ ಮಾರಾಟವೂ ನಡೆಯುತ್ತಿತ್ತು. ಮೆಥಡಿಸ್ಟರ ಸ್ವಂತ ಪುಸ್ತಕ ಪ್ರಕಾಶನ 1789ರಲ್ಲಿಯೇ ಫಿಲಡೆಲ್ಫಿಯಾದಲ್ಲಿ ಆರಂಭವಾಗಿತ್ತು. ಶಾಲೆಯಿಲ್ಲದ ಎಷ್ಟೋ ಕಡೆ ಮಕ್ಕಳ ಕೈಗೆ ಸಿಕ್ಕಿದ ಅಚ್ಚಿನ ಹಾಳೆ ಅದೊಂದೇ ಆಗಿದ್ದಿರಬೇಕು.

ಉಳಿದ ದಿನಗಳ ಭಾರ ಹೊರುತ್ತಿದ್ದುದು ತರಗತಿ ಎಂಬ ಸಣ್ಣ ಗುಂಪು. ಸುಮಾರು ಹನ್ನೆರಡು ಮಂದಿ ಮತ್ತು ಅವರಲ್ಲಿಯೇ ಒಬ್ಬ ನಾಯಕ. ಪ್ರತಿ ವಾರವೂ ಒಂದು ಮನೆಯಲ್ಲಿ ಸೇರಿ ಹಾಡು, ಪ್ರಾರ್ಥನೆ, ಆ ವಾರ ತಾನು ಹೇಗೆ ಬದುಕಿದೆನೆಂದು ಪ್ರತಿಯೊಬ್ಬರೂ ಹೇಳಿಕೊಳ್ಳುವುದು. ನಾಯಕ ಪಾದ್ರಿಯಲ್ಲ, ಹೊಲ ಉಳುವವನೋ ಕಮ್ಮಾರನೋ ಆಗಿರುತ್ತಿದ್ದ, ಕೆಲವೆಡೆ ಮಹಿಳೆಯರೂ ನಾಯಕತ್ವ ವಹಿಸಿದ್ದುಂಟು. ಕಾಯಿಲೆ ಬಿದ್ದವರನ್ನು ನೋಡಿಬರುವುದು, ಕುಡಿತಕ್ಕೆ ಬಿದ್ದವರಿಗೆ ಬುದ್ಧಿ ಹೇಳುವುದು, ಸದಸ್ಯರ ಹೆಸರಿನ ಪುಸ್ತಕ ಇಡುವುದು, ಕಾಣಿಕೆ ಸಂಗ್ರಹಿಸುವುದು, ಇಷ್ಟೂ ಅವನ ಕೆಲಸ. ಹೊಸದಾಗಿ ಸೇರಿದವರು ಆರು ತಿಂಗಳು ಪರೀಕ್ಷಾರ್ಥಿಗಳಾಗಿರಬೇಕಿತ್ತು, ಆ ಅವಧಿಯಲ್ಲಿ ಅವರ ನಡತೆಯನ್ನು ಬಲ್ಲವನೂ ನಾಯಕನೇ. ಬೋಧಕ ಬಂದಾಗ ಆ ಪುಸ್ತಕವನ್ನು ನೋಡುತ್ತಿದ್ದ, ನಾಯಕ ಸರಿಯಿಲ್ಲದಿದ್ದರೆ ಬದಲಿಸುತ್ತಿದ್ದ, ಜನ ಹೆಚ್ಚಿದ್ದರೆ ಗುಂಪನ್ನು ಎರಡು ಮಾಡುತ್ತಿದ್ದ. ಮೂರು ತಿಂಗಳಿಗೊಮ್ಮೆ ಇಡೀ ಸುತ್ತಿನ ಜನ ಒಂದೆಡೆ ಸೇರುತ್ತಿದ್ದರು, ಹಿರಿಯ ಮೇಲ್ವಿಚಾರಕ ಬಂದು ಪ್ರಭುಭೋಜನ ನಡೆಸಿ ಲೆಕ್ಕ ಪರಿಶೀಲಿಸುತ್ತಿದ್ದ. ಹಾಗಾಗಿ ಬೋಧಕ ಒಂದು ಚರ್ಚು ಸ್ಥಾಪಿಸಿದ ಎಂದಾಗ, ಅವನು ಒಂದು ಗುಂಪನ್ನು ಕೂಡಿಸಿ, ಅದರೊಳಗಿನ ಒಬ್ಬರ ಮೇಲೆ ನಂಬಿಕೆಯಿಟ್ಟು, ಹೇಳಿದ ದಿನಕ್ಕೆ ತಪ್ಪದೆ ಮರಳಿ ಬಂದ ಎಂದು ಅರ್ಥಮಾಡಿಕೊಳ್ಳಬೇಕು. ಮರದ ದಿಮ್ಮಿಗಳ ಕಟ್ಟಡ ಏಳುತ್ತಿದ್ದುದು ಆಮೇಲೆ. ಅದರ ನೆಲದ ಕಾಗದ ಸ್ಥಳೀಯ ಧರ್ಮದರ್ಶಿಗಳ ಹೆಸರಿನಲ್ಲಿರುತ್ತಿತ್ತು. ಸಮ್ಮೇಳನ ನೇಮಿಸಿದ ಬೋಧಕನಿಗೆ ಅಲ್ಲಿ ಉಪದೇಶಿಸಲು ಅವಕಾಶ ಕೊಡಲೇಬೇಕೆಂಬ ಷರತ್ತು ಅದರಲ್ಲಿ ಸೇರಿರುತ್ತಿತ್ತು. ಬೋಧಕನಿಗೆ ಅದರಲ್ಲಿ ಸ್ವಂತ ಹಕ್ಕಿರಲಿಲ್ಲ. 1804ರ ನಿಯಮದಂತೆ ಅವನು ಒಂದು ಸುತ್ತಿನಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇರುವಂತೆಯೂ ಇರಲಿಲ್ಲ.

ಇನ್ನು ಸಂಬಳ. 1800ರಲ್ಲಿ ವರ್ಷಕ್ಕೆ 80 ಡಾಲರ್ ಮತ್ತು ಪ್ರಯಾಣದ ಖರ್ಚು ಎಂದು ನಿಗದಿಯಾಯಿತು. ಅದಕ್ಕೆ ಮೊದಲು 64 ಡಾಲರ್ ಇತ್ತು. ಬಿಷಪ್ಪನಾದ ಆಸ್ಬರಿಗೂ ಅಷ್ಟೇ. ಈ ಮೊತ್ತವೂ ಪೂರ್ತಿ ಕೈಸೇರುತ್ತಿದ್ದುದು ಅಪರೂಪ, ಏಕೆಂದರೆ ವಲಸಿಗರ ಬಳಿಯೇ ನಗದು ಇರುತ್ತಿರಲಿಲ್ಲ. ಊಟ ಮತ್ತು ಕುದುರೆಯ ಮೇವು ಆತಿಥ್ಯದಿಂದ ನಡೆಯುತ್ತಿದ್ದವು. ಮದುವೆಯಾದ ಬೋಧಕರಲ್ಲಿ ಅನೇಕರು ಸಂಚಾರ ಬಿಟ್ಟು ಒಂದೆಡೆ ನೆಲೆಸಿಬಿಡುತ್ತಿದ್ದರು. ಆಸ್ಬರಿ ಮದುವೆಯಾಗಲೇ ಇಲ್ಲ, ಸ್ವಂತ ಮನೆಯನ್ನೂ ಮಾಡಿಕೊಳ್ಳಲಿಲ್ಲ. ಅವನು ಬಂದಿಳಿದಾಗ ಅಮೆರಿಕದಲ್ಲಿ ಸುಮಾರು 600 ಮೆಥಡಿಸ್ಟರಿದ್ದರು. 1816ರಲ್ಲಿ ವರ್ಜೀನಿಯಾದಲ್ಲಿ ಅವನು ತೀರಿಕೊಂಡಾಗ ಅವರ ಸಂಖ್ಯೆ ಎರಡು ಲಕ್ಷವನ್ನು ದಾಟಿತ್ತು. ಒಬ್ಬ ಮನುಷ್ಯನ ಉಪದೇಶದಿಂದ ಮಾತ್ರ ಇಷ್ಟು ಬೆಳವಣಿಗೆ ಆಗುವುದು ಸಾಧ್ಯವಿಲ್ಲ. ಆ ಸಾವಿರಾರು ತರಗತಿ ನಾಯಕರ ದುಡಿಮೆ ಇದರ ಹಿಂದಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ: ಕುಮಟೆಯ ಸಭಾಸದ

ಶಿರಸಿಯ ಮಿತ್ರರು ಮೆಥಡಿಸ್ಟರ ವಿಷಯವನ್ನು ಚೆನ್ನಾಗಿ ತಿಳಿಸಿದ್ದಾರೆ. ಆದರೆ ಪ್ರವರ್ತಕ ಬೋಧಕರೆಲ್ಲ ಇದೇ ಬಗೆಯವರು ಎಂದು ವಿದ್ಯಾರ್ಥಿಗಳು ತಿಳಿಯಬಾರದು ಎಂಬ ಕಾರಣಕ್ಕೆ ಇನ್ನೊಂದು ಪ್ರೊಟೆಸ್ಟೆಂಟ್ ಪಂಥವಾದ ಬ್ಯಾಪ್ಟಿಸ್ಟರ ರೀತಿಯನ್ನು ಸೇರಿಸುತ್ತೇನೆ.

ಬ್ಯಾಪ್ಟಿಸ್ಟರಲ್ಲಿ ಬಿಷಪ್ಪನೂ ಇಲ್ಲ, ಬೋಧಕನನ್ನು ಕಳುಹಿಸುವ ಸಮ್ಮೇಳನವೂ ಇಲ್ಲ. ವಲಸೆ ಬಂದ ಕೆಲವು ಕುಟುಂಬಗಳು ಹಳೆಯ ಊರಿನ ಸಭೆಯಿಂದ ಬೀಳ್ಕೊಡುಗೆಯ ಪತ್ರ ತಂದಿರುತ್ತಿದ್ದವು. ಅಂಥವರು ಒಟ್ಟುಗೂಡಿ ಒಂದು ಒಡಂಬಡಿಕೆ ಬರೆದು ಸಹಿ ಹಾಕಿ, ನೆರೆಯ ಸಭೆಗಳ ಹಿರಿಯರನ್ನು ಕರೆಸಿ ಅವರ ಎದುರಿನಲ್ಲಿ ತಾವೊಂದು ಸಭೆಯಾದರೆ ಅಲ್ಲಿಗೆ ಸ್ಥಾಪನೆ ಮುಗಿಯಿತು. ಬೋಧಕ ಆ ಗುಂಪಿನಿಂದಲೇ ಹೊರಡುತ್ತಿದ್ದ. ವಾರವೆಲ್ಲ ಹೊಲದಲ್ಲಿ ದುಡಿದು ಭಾನುವಾರ ಉಪದೇಶಿಸುವ ರೈತನಿಗೆ ಮಾತಿನ ಶಕ್ತಿಯಿದೆಯೆಂದು ಸಭೆ ಕಂಡುಕೊಂಡರೆ ಮೊದಲು ಅನುಮತಿ, ಆಮೇಲೆ ದೀಕ್ಷೆ. ಅವನಿಗೆ ಸಂಬಳವಿಲ್ಲ, ಸಂಬಳ ಪಡೆಯುವ, ಕಾಲೇಜು ಕಲಿತ ಬೋಧಕರ ಬಗ್ಗೆ ಅನೇಕರಿಗೆ ಬಲವಾದ ಅಪನಂಬಿಕೆಯೂ ಇತ್ತು.

ಈ ಅಪನಂಬಿಕೆಯನ್ನು ಎದುರಿಸಿ ಕೆಲಸ ಮಾಡಿದವನು ಜಾನ್ ಮೇಸನ್ ಪೆಕ್. ಕನೆಕ್ಟಿಕಟ್‌ನವನಾದ ಇವನು 1817ರಲ್ಲಿ ಬ್ಯಾಪ್ಟಿಸ್ಟರ ರಾಷ್ಟ್ರೀಯ ಸಂಘಟನೆಯ ಮಿಷನರಿಯಾಗಿ ಮಿಸಿಸಿಪಿ ನದಿಯ ದಡದ ಸೇಂಟ್ ಲೂಯಿಸ್‌ಗೆ ಬಂದ. ಉಪದೇಶದೊಂದಿಗೆ ಭಾನುವಾರದ ಶಾಲೆ, ಬೈಬಲ್ ಹಂಚಿಕೆ, ಪತ್ರಿಕೆ ಎಂದು ಒಂದಾದ ಮೇಲೊಂದು ಕೆಲಸ ಹಚ್ಚಿಕೊಂಡು, 1827ರಲ್ಲಿ ಇಲಿನಾಯ್‌ನ ರಾಕ್ ಸ್ಪ್ರಿಂಗ್‌ನಲ್ಲಿ ತನ್ನ ಜಮೀನಿನಲ್ಲಿಯೇ ಶಿಕ್ಷಣ ಸಂಸ್ಥೆಯೊಂದನ್ನು ತೆರೆದ. ಹೊರಗಿನ ಸಂಘಗಳ ಹಣದಿಂದ ಮಿಷನರಿ ಕೆಲಸ ನಡೆಯುವುದು ಸಭೆಯ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಅವನ ಮತದವರೇ ಆದ ರೈತ ಬೋಧಕರು ಅವನನ್ನು ವಿರೋಧಿಸುತ್ತಲೇ ಇದ್ದರು. ಅವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ತಾವೇ ಕಟ್ಟಿದ ಸಭೆಯ ಮೇಲೆ ದೂರದ ಊರಿನವರ ಹಿಡಿತ ಬರುವುದನ್ನು ಅವರು ಒಪ್ಪಲಿಲ್ಲ, ಅಷ್ಟೇ.

ನೆಲದ ಬಗ್ಗೆ ಒಂದು ಸಣ್ಣ ಮಾಹಿತಿ. 1785ರ ಭೂ ಶಾಸನದಂತೆ ಹೊಸ ಪ್ರದೇಶವನ್ನು 36 ಚೌಕಗಳ ಟೌನ್‌ಶಿಪ್‌ಗಳಾಗಿ ಅಳೆದು, ಪ್ರತಿ ಟೌನ್‌ಶಿಪ್ಪಿನ 16ನೆಯ ಚೌಕವನ್ನು ಶಾಲೆಗೆ ಮೀಸಲಿಟ್ಟಿದ್ದರು. 1787ರಲ್ಲಿ ಓಹಾಯೊ ಕಂಪನಿ ಕೊಂಡ ಭಾಗದಲ್ಲಿ 29ನೆಯ ಚೌಕ ಧರ್ಮಕಾರ್ಯಕ್ಕೆಂದು ಮೀಸಲಾಗಿತ್ತು. ಅಂಥ ಕೆಲವೇ ಕಡೆಗಳನ್ನು ಬಿಟ್ಟರೆ ಸರ್ಕಾರದಿಂದ ಚರ್ಚಿಗೆ ನೆಲ ಸಿಗುತ್ತಿರಲಿಲ್ಲ. ಯಾರಾದರೂ ವಲಸಿಗ ತನ್ನ ಹೊಲದ ಅಂಚನ್ನು ಬಿಟ್ಟುಕೊಡಬೇಕಿತ್ತು.

ಮರುಪ್ರಶ್ನೆ: ಕಾರವಾರದ ಉಪನ್ಯಾಸಕಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ಓದಿದ ಮೇಲೆ ಎರಡು ಪ್ರಶ್ನೆಗಳು ಹುಟ್ಟಿವೆ. ಸಭೆಯನ್ನು ಉಳಿಸಿದವರು ಊರಿನ ನಾಯಕರೇ ಆಗಿದ್ದರೆ ಇತಿಹಾಸದಲ್ಲಿ ಬೋಧಕರ ಹೆಸರುಗಳು ಮಾತ್ರ ಏಕೆ ನಿಂತಿವೆ? ಎರಡನೆಯದಾಗಿ, ನಮ್ಮ ಕರಾವಳಿಯ ಕ್ರೈಸ್ತರೂ ಹೆಚ್ಚಿನವರು ಗೋವೆಯಿಂದ ವಲಸೆ ಬಂದವರೇ. ವಲಸಿಗರ ನಡುವೆ ಸಂಚರಿಸಿ ಇಗರ್ಜಿಗಳನ್ನು ಕಟ್ಟಿದವರ ಉದಾಹರಣೆ ಇಲ್ಲಿಯೇ ಇದ್ದರೆ ವಿದ್ಯಾರ್ಥಿಗಳಿಗೆ ವಿಷಯ ಇನ್ನಷ್ಟು ಹತ್ತಿರವಾಗುತ್ತದೆ. ಬಲ್ಲವರು ತಿಳಿಸಬೇಕು.

ಉತ್ತರ: ಹೊನ್ನಾವರ ತೀರದ ನಿವಾಸಿ

ಮೇಡಂ, ನಿಮ್ಮ ಎರಡನೆಯ ಪ್ರಶ್ನೆಗೆ ನಾನು ಸಂತೋಷದಿಂದ ಉತ್ತರಿಸುತ್ತೇನೆ. ನಮ್ಮ ಹಿರಿಯರು ಈ ಹೆಸರನ್ನು ಭಕ್ತಿಯಿಂದ ಹೇಳುತ್ತಿದ್ದರು. ಆದರೆ ಶಾಲೆಯ ಇತಿಹಾಸದಲ್ಲಿ ಅದು ನಮಗೆ ಎಂದೂ ಸಿಗಲಿಲ್ಲ.

ಗೋವೆಯಿಂದ ಕೆನರಾ ತೀರಕ್ಕೆ ಕೊಂಕಣಿ ಮಾತಿನ ಕ್ರೈಸ್ತರು ಒಂದೇ ಬಾರಿಗೆ ಬಂದವರಲ್ಲ. 1560ರಲ್ಲಿ ಗೋವೆಯಲ್ಲಿ ಧಾರ್ಮಿಕ ವಿಚಾರಣಾ ನ್ಯಾಯಾಲಯ ಆರಂಭವಾಯಿತು. 1570ರ ಸುಮಾರಿಗೆ ಬಿಜಾಪುರದ ಆದಿಲಶಾಹಿಯ ಮುತ್ತಿಗೆ, 1683ರಲ್ಲಿ ಸಂಭಾಜಿಯ ದಾಳಿ, ಇವುಗಳ ನಡುವೆ ಬರಗಾಲ ಮತ್ತು ತೆರಿಗೆಗಳು. ಒಂದೊಂದು ಸಂಕಟಕ್ಕೂ ಒಂದಷ್ಟು ಕುಟುಂಬಗಳು ದಕ್ಷಿಣಕ್ಕೆ ಬಂದವು. ಕೆಳದಿಯ ಅರಸರ ಆಳ್ವಿಕೆಯಲ್ಲಿದ್ದ ಈ ತೀರದಲ್ಲಿ ಭತ್ತದ ಗದ್ದೆಗೆ ದುಡಿಯುವ ಕೈಗಳು ಬೇಕಾಗಿದ್ದವು. ಹಾಗೆ ಬಂದವರು ಗದ್ದೆ ಮಾಡಿಕೊಂಡು ಚದುರಿ ನೆಲೆಸಿದರು, ಆದರೆ ಅವರಿಗೆ ಪಾದ್ರಿಗಳು ಬಹಳ ಕಡಿಮೆ ಇದ್ದರು. 1650ರ ದಶಕದಲ್ಲಿ ಶಿವಪ್ಪ ನಾಯಕನು ಹೊನ್ನಾವರದ ಕೋಟೆಯೂ ಸೇರಿದಂತೆ ಪೋರ್ಚುಗೀಸರ ನೆಲೆಗಳನ್ನು ವಶಪಡಿಸಿಕೊಂಡ ಮೇಲೆ ಈ ಕೊರತೆ ಇನ್ನಷ್ಟು ಹೆಚ್ಚಿತು. 1678ರ ಒಪ್ಪಂದದಲ್ಲಿ ಮಿರ್ಜಾನ್, ಚಂದಾವರ, ಭಟ್ಕಳ, ಕಲ್ಯಾಣಪುರ ಮುಂತಾದ ಕಡೆ ಇಗರ್ಜಿ ಕಟ್ಟಲು ಕೆಳದಿಯ ಅರಸೊತ್ತಿಗೆ ಒಪ್ಪಿಗೆ ಕೊಟ್ಟಿತು.

ಈ ಸಂದರ್ಭದಲ್ಲಿ 1681ರಲ್ಲಿ ಇಲ್ಲಿಗೆ ಬಂದವರು ಜೋಸೆಫ್ ವಾಜ್. ಅವರು 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಹುಟ್ಟಿ 1676ರಲ್ಲಿ ಗುರುದೀಕ್ಷೆ ಪಡೆದವರು, ಕೊಂಕಣಿ ಮಾತಾಡುವ ನಮ್ಮವರೇ ಆದ ಪಾದ್ರಿ. ಪರಿಸ್ಥಿತಿ ಸುಲಭವಾಗಿರಲಿಲ್ಲ. ಪೋರ್ಚುಗಲ್ ದೊರೆಗೆ ಸೇರಿದ ಗೋವೆಯ ಧರ್ಮಾಧಿಕಾರ ಒಂದು ಕಡೆ, ರೋಮ್ ನೇರವಾಗಿ ನೇಮಿಸಿದ್ದ ಬಿಷಪ್ ತೋಮಸ್ ದೆ ಕಾಸ್ತ್ರೊ ಇನ್ನೊಂದು ಕಡೆ. ಯಾರ ಮಾತು ಕೇಳಬೇಕೆಂದು ತಿಳಿಯದೆ ಜನ ಎರಡು ಪಾಳಯಗಳಾಗಿದ್ದರು. ವಾಜ್ ಗೋವೆಯ ಕಡೆಯಿಂದ ಬಂದ ಅಧಿಕಾರಿಯಾಗಿದ್ದರೂ ಜಗಳ ಬೆಳೆಸದೆ ದೆ ಕಾಸ್ತ್ರೊ ಅವರೊಂದಿಗೆ ಹೊಂದಾಣಿಕೆಯಿಂದ ನಡೆಯಲು ಯತ್ನಿಸಿದರು. ಹೊನ್ನಾವರ, ಬಸರೂರು, ಗಂಗೊಳ್ಳಿ, ಕುಂದಾಪುರದ ಸೀಮೆಗಳಲ್ಲಿ ಸಂಚರಿಸಿ ಹಳೆಯ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಹೊಸತನ್ನು ಕಟ್ಟಿದರು, ಶಾಲೆಗಳನ್ನೂ ಭಕ್ತರ ಸಹೋದರ ಸಂಘಗಳನ್ನೂ ಆರಂಭಿಸಿದರು. 1684ರಲ್ಲಿ ಅವರು ಗೋವೆಗೆ ಮರಳಿದರು. ಅಂದರೆ ಇಷ್ಟೂ ಕೆಲಸ ನಡೆದದ್ದು ಮೂರು ವರ್ಷಗಳ ಒಳಗೆ.

ಅವರು ಹೋದ ಮೇಲೂ ಇಗರ್ಜಿಗಳು ನಡೆದದ್ದು ಹೇಗೆ ಎಂಬುದಕ್ಕೆ, ಶಿರಸಿಯವರು ತರಗತಿ ನಾಯಕನ ಬಗ್ಗೆ ಬರೆದದ್ದನ್ನು ಓದಿದಾಗ ನನಗೆ ತಟ್ಟನೆ ನೆನಪಾದವರು ನಮ್ಮ ಗುರ್ಕಾರರು. ಕೆನರಾದ ಕ್ರೈಸ್ತರ ಪ್ರತಿ ವಸತಿಯಲ್ಲಿಯೂ ನಡತೆಯಲ್ಲಿ ಒಳ್ಳೆಯವನೂ ತಕ್ಕಮಟ್ಟಿಗೆ ಅನುಕೂಲಸ್ಥನೂ ಆದ ಒಬ್ಬನನ್ನು ಪಾದ್ರಿಗಳು ಗುರ್ಕಾರನನ್ನಾಗಿ ನೇಮಿಸುತ್ತಿದ್ದರು. ಸಾಮಾಜಿಕ ಮತ್ತು ಧಾರ್ಮಿಕ ವ್ಯವಹಾರಗಳೆರಡರ ಮೇಲ್ವಿಚಾರಣೆಯೂ ಅವನ ಹೊಣೆ. ಮದುವೆಯ ಮಾತುಕತೆ, ಮನೆಯೊಳಗಿನ ವ್ಯಾಜ್ಯ, ಹಬ್ಬದ ಏರ್ಪಾಡು, ಸಾವು, ಯಾವುದೇ ಇರಲಿ, ಮೊದಲು ಅವನಿಗೆ ಸುದ್ದಿ ಹೋಗಬೇಕು. ವಾಡೆಗೊಬ್ಬ, ಅಂದರೆ ಕೇರಿಗೊಬ್ಬ, ಗುರ್ಕಾರ ಇರುವ ಪದ್ಧತಿ ನಮ್ಮ ಕಡೆ ಇಂದಿಗೂ ಜೀವಂತವಾಗಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಗರ್ಜಿಗಳು ನಾಶವಾದವು, ಪಾದ್ರಿಗಳನ್ನು ಹೊರಹಾಕಲಾಯಿತು. 1799ರ ಬಳಿಕ ಮರಳಿ ಬಂದವರು ಗದ್ದೆಯನ್ನೂ ಇಗರ್ಜಿಯನ್ನೂ ಮತ್ತೆ ಮೊದಲಿನಿಂದ ಕಟ್ಟಿಕೊಂಡರು. ಕಟ್ಟಡವೂ ಪಾದ್ರಿಯೂ ಇಲ್ಲದ ಅಷ್ಟು ವರ್ಷ ನಂಬಿಕೆ ಉಳಿದದ್ದು ಮನೆಗಳಲ್ಲಿ ಮತ್ತು ಇಂಥ ಹಿರಿಯರಲ್ಲಿ ಎಂದೇ ನಾನು ನಂಬಿದ್ದೇನೆ.

ವಾಜ್ ಅವರ ಮುಂದಿನ ಜೀವನ ಸಿಲೋನಿನಲ್ಲಿ ಕಳೆಯಿತು. ಅಲ್ಲಿ ಡಚ್ಚರು ಕಥೋಲಿಕ ಪಾದ್ರಿಗಳನ್ನು ನಿಷೇಧಿಸಿದ್ದರು. 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಜಾಫ್ನಾ ತಲುಪಿದ ಅವರು, ಕ್ಯಾಂಡಿಯ ರಾಜನ ಸೆರೆಯಲ್ಲಿಯೂ ಇದ್ದು, ಬಳಿಕ ಅದೇ ರಾಜನ ವಿಶ್ವಾಸ ಗಳಿಸಿ, ಸಿಡುಬಿನ ಕಾಲದಲ್ಲಿ ರೋಗಿಗಳ ಸೇವೆ ಮಾಡಿ, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. ಅಲ್ಲಿಯೂ ಅವರು ಊರೂರಿನ ಗೃಹಸ್ಥ ಹಿರಿಯರನ್ನು ಆಧಾರವಾಗಿಟ್ಟುಕೊಂಡೇ ಸಭೆಗಳನ್ನು ಕಟ್ಟಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರು ವಾಜ್ ಅವರನ್ನು ಸಂತರೆಂದು ಘೋಷಿಸಿದರು.

ಉತ್ತರ: ಅಂಕೋಲೆಯ ಇತಿಹಾಸಾಸಕ್ತ

ಚರ್ಚೆ ಉಪಯುಕ್ತವಾಗಿದೆ. ಆದರೆ ಒಂದು ವಿಷಯ ಬಿಟ್ಟುಹೋಗಿದೆ, ಅದನ್ನು ತರಗತಿಯಲ್ಲಿ ಹೇಳದಿದ್ದರೆ ಪಾಠ ಅಪೂರ್ಣವಾಗುತ್ತದೆ.

ಕೆನರಾಕ್ಕೆ ಬಂದ ಗೋವೆಯವರು ಇಲ್ಲಿನ ಅರಸರ ಒಪ್ಪಿಗೆಯಿಂದ, ಇಲ್ಲಿನ ಭೂಮಾಲೀಕರ ಒಕ್ಕಲಾಗಿ ನೆಲೆಸಿದರು. ಕೆಂಟಕಿ ಮತ್ತು ಓಹಾಯೊಗಳ ವಲಸಿಗರ ಕಥೆ ಹಾಗಲ್ಲ. ಅವರು ಕಡಿದ ಕಾಡು ಶಾನಿ, ಚೆರೊಕಿ, ವಾಯಂಡಾಟ್, ಮಯಾಮಿ ಮುಂತಾದ ಜನಾಂಗಗಳ ನೆಲ. 1794ರ ಯುದ್ಧದಲ್ಲಿ ಸೋತ ಮೇಲೆ, 1795ರ ಗ್ರೀನ್‌ವಿಲ್ ಒಪ್ಪಂದದಿಂದ ಶಾನಿ, ವಾಯಂಡಾಟ್, ಮಯಾಮಿ ಮೊದಲಾದ ಜನಾಂಗಗಳು ಇಂದಿನ ಓಹಾಯೊದ ಬಹುಭಾಗವನ್ನು ಬಿಟ್ಟುಕೊಡಬೇಕಾಯಿತು. ಸರ್ಕಾರ ಅದನ್ನು ಅಳೆದು ಎಕರೆ ಲೆಕ್ಕದಲ್ಲಿ ಮಾರಿತು. ಬೋಧಕ ಕುದುರೆಯೇರಿ ಬಂದದ್ದು ಆ ಮಾರಾಟದ ಹಿಂದೆಯೇ. ಆಸ್ಬರಿ 1790ರಲ್ಲಿ ಕೆಂಟಕಿಯ ಮೊದಲ ಸಮ್ಮೇಳನಕ್ಕೆಂದು ಲೆಕ್ಸಿಂಗ್‌ಟನ್ ಹತ್ತಿರದ ಮಾಸ್ಟರ್‌ಸನ್ ಠಾಣೆಗೆ ಹೋದಾಗ ಆಯುಧ ಹಿಡಿದ ಕಾವಲಿನೊಂದಿಗೇ ಪ್ರಯಾಣ ಮಾಡಿದ. ಆ ಕಾವಲು ಯಾರ ವಿರುದ್ಧ ಎಂದು ವಿದ್ಯಾರ್ಥಿಗಳು ಕೇಳಬೇಕು.

ಆ ಜನಾಂಗಗಳ ನಡುವೆಯೂ ಸಭೆಗಳು ಹುಟ್ಟಿದವು. ಓಹಾಯೊದ ಅಪ್ಪರ್ ಸ್ಯಾಂಡಸ್ಕಿಯ ವಾಯಂಡಾಟರ ಬಳಿಗೆ 1816ರಲ್ಲಿ ಯಾರೂ ಕಳುಹಿಸದೆ ತಾನಾಗಿಯೇ ಹೋದವನು ಜಾನ್ ಸ್ಟೂವರ್ಟ್, ಆಫ್ರಿಕನ್ ಮೂಲದ ಸ್ವತಂತ್ರ ಬಡವ. ವಾಯಂಡಾಟರ ನಡುವೆ ಬದುಕುತ್ತಿದ್ದ ಜೊನಾಥನ್ ಪಾಯಿಂಟರ್ ಎಂಬ ಇನ್ನೊಬ್ಬ ಕಪ್ಪು ಮನುಷ್ಯ ಅವನ ಮಾತನ್ನು ಅವರ ಭಾಷೆಗೆ ಹೇಳುತ್ತಿದ್ದ. 1824ರಲ್ಲಿ ಅಲ್ಲಿ ಕಲ್ಲಿನ ಚರ್ಚು ಎದ್ದಿತು. ಹೊಲ ಮಾಡಿಕೊಂಡು, ಶಾಲೆ ಮಾಡಿಕೊಂಡು, ಕ್ರೈಸ್ತರಾಗಿ ಬದುಕಿದ್ದರೂ 1843ರಲ್ಲಿ ವಾಯಂಡಾಟರು ಆ ನೆಲ ಬಿಟ್ಟು ಕಾನ್ಸಾಸ್ ಕಡೆಗೆ ಹೋಗಲೇಬೇಕಾಯಿತು. ಒಂದೇ ನಂಬಿಕೆಯ ನೆರೆಯವರಾದರೂ ವಲಸಿಗರಿಗೆ ಸಿಕ್ಕ ರಕ್ಷಣೆ ಅವರಿಗೆ ಸಿಗಲಿಲ್ಲ.

ಗುಲಾಮಗಿರಿಯ ವಿಷಯದಲ್ಲಿಯೂ ಇದೇ ನೋವಿದೆ. 1784ರ ಸಮ್ಮೇಳನ ಸದಸ್ಯರೆಲ್ಲ ತಮ್ಮ ಗುಲಾಮರನ್ನು ಬಿಡುಗಡೆ ಮಾಡಬೇಕೆಂದು ನಿಯಮ ಮಾಡಿತು. ದಕ್ಷಿಣದವರ ವಿರೋಧಕ್ಕೆ ಮಣಿದು ಮರುವರ್ಷವೇ ಅದನ್ನು ತಡೆಹಿಡಿಯಿತು. 1844ರಲ್ಲಿ ಬಿಷಪ್ಪನೊಬ್ಬ ಗುಲಾಮರ ಒಡೆಯನಾಗಿದ್ದ ಪ್ರಶ್ನೆಯ ಮೇಲೆ ಇಡೀ ಸಂಘಟನೆ ಎರಡಾಯಿತು. ಸಭೆಯೊಳಗಿನ ಅವಮಾನ ಸಹಿಸದ ಕಪ್ಪು ಮೆಥಡಿಸ್ಟರು ರಿಚರ್ಡ್ ಅಲನ್ ನೇತೃತ್ವದಲ್ಲಿ ಫಿಲಡೆಲ್ಫಿಯಾದಲ್ಲಿ ತಮ್ಮದೇ ಚರ್ಚು ಕಟ್ಟಿಕೊಂಡಿದ್ದರು. 1816ರಲ್ಲಿ ಅದು ಸ್ವತಂತ್ರ ಸಂಘಟನೆಯೇ ಆಯಿತು. ಕಟ್ಟಿದವರು ಯಾರು ಎಂದು ಕೇಳುವಾಗ, ಯಾರನ್ನು ಹೊರಗಿಟ್ಟು ಕಟ್ಟಿದರು ಎಂದೂ ಕೇಳಬೇಕೆಂಬುದು ನನ್ನ ವಿನಂತಿ.

ಉತ್ತರ: ಶಿರಸಿಯ ಓದುಗ

ಅಂಕೋಲೆಯ ಮಿತ್ರರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಗುಲಾಮಗಿರಿ ಇರುವ ರಾಜ್ಯದಲ್ಲಿ ಮಕ್ಕಳನ್ನು ಬೆಳೆಸಲು ಇಷ್ಟವಿಲ್ಲದೆ 1824ರಲ್ಲಿ ಕೆಂಟಕಿ ಬಿಟ್ಟು ಇಲಿನಾಯ್‌ಗೆ ಹೋದ ಪೀಟರ್ ಕಾರ್ಟ್‌ರೈಟ್‌ನಂಥ ಬೋಧಕರೂ ಇದ್ದರು ಎಂಬುದನ್ನು ಮಾತ್ರ ಅದಕ್ಕೆ ಸೇರಿಸುತ್ತೇನೆ.

ಮೇಡಂ ಅವರ ಮೊದಲನೆಯ ಮರುಪ್ರಶ್ನೆ ಹಾಗೆಯೇ ಉಳಿದಿದೆ. ಬೋಧಕರ ಹೆಸರುಗಳು ನಿಂತಿರುವುದಕ್ಕೆ ಒಂದು ಸರಳ ಕಾರಣ, ಅವರು ಬರೆದಿಟ್ಟರು ಎಂಬುದು. ಆಸ್ಬರಿ ದಶಕಗಳ ಕಾಲ ದಿನಚರಿ ಬರೆದ. ಕಾರ್ಟ್‌ರೈಟ್ 1856ರಲ್ಲಿ ಆತ್ಮಕಥೆ ಪ್ರಕಟಿಸಿದ. 1846ರ ಚುನಾವಣೆಯಲ್ಲಿ ಅಬ್ರಹಾಂ ಲಿಂಕನ್ ಎದುರು ಸೋತವನೆಂಬ ಕಾರಣಕ್ಕೂ ಅವನ ಹೆಸರು ಉಳಿಯಿತು. ತರಗತಿ ನಾಯಕನಿಗೆ ಬರೆಯುವ ಬಿಡುವಿರಲಿಲ್ಲ. ಅವನ ಕೈಬರಹವೆಂದರೆ ಸದಸ್ಯರ ಹೆಸರಿನ ಆ ಪುಸ್ತಕವೊಂದೇ, ಅದೂ ಹೆಚ್ಚಿನ ಕಡೆ ಉಳಿದಿಲ್ಲ.

ಪಾಠವನ್ನು ಆಸ್ಬರಿಯಿಂದ ಆರಂಭಿಸದೆ ಬಾರ್ಬರಾ ಹೆಕ್ ಎಂಬ ಗೃಹಿಣಿಯಿಂದ ಆರಂಭಿಸಬಹುದೆಂದು ನನ್ನ ಸಲಹೆ. ಐರ್ಲೆಂಡಿನಿಂದ ನ್ಯೂಯಾರ್ಕಿಗೆ ವಲಸೆ ಬಂದಿದ್ದ ಆಕೆ 1766ರಲ್ಲಿ ತನ್ನ ಬಂಧು ಫಿಲಿಪ್ ಎಂಬ್ಯುರಿಯನ್ನು ಉಪದೇಶ ಮಾಡಲೇಬೇಕೆಂದು ಒತ್ತಾಯಿಸಿದಳು. ಬಡಗಿಯಾಗಿದ್ದ ಅವನ ಮನೆಯಲ್ಲಿ ಬೆರಳೆಣಿಕೆಯ ಜನರೊಂದಿಗೆ ಕೂಟ ಆರಂಭವಾಯಿತು. 1768ರಲ್ಲಿ ಜಾನ್ ಸ್ಟ್ರೀಟ್‌ನಲ್ಲಿ ಚರ್ಚು ಕಟ್ಟಿದರು. ಇದು ವೆಸ್ಲಿ ತನ್ನ ಬೋಧಕರನ್ನು ಅಮೆರಿಕಕ್ಕೆ ಕಳುಹಿಸುವುದಕ್ಕೆ ಮುಂಚಿನ ಮಾತು. ಸ್ವಾತಂತ್ರ್ಯ ಸಮರದಲ್ಲಿ ಬ್ರಿಟಿಷರ ಪಕ್ಷದಲ್ಲಿದ್ದ ಹೆಕ್ ಕುಟುಂಬ ಕೆನಡಾಕ್ಕೆ ಹೋಗಬೇಕಾಯಿತು. 1785ರ ಹೊತ್ತಿಗೆ ಅವರು ಸೇಂಟ್ ಲಾರೆನ್ಸ್ ನದಿಯ ದಡದ ಆಗಸ್ಟಾದಲ್ಲಿ ಮತ್ತೆ ಕಾಡು ಕಡಿದು ನೆಲೆಸಿದ್ದರು. ಅಲ್ಲಿಯೂ ಅವರು ನೆರೆಯವರನ್ನು ಸೇರಿಸಿಕೊಂಡು ಒಂದು ತರಗತಿ ಮಾಡಿಕೊಂಡರು. ಫಿಲಿಪ್ ಎಂಬ್ಯುರಿಯ ಮಗ ಸ್ಯಾಮ್ಯುಯೆಲ್ ಅದರ ನಾಯಕನಾದ. ಸಂಚಾರಿ ಬೋಧಕ ವಿಲಿಯಂ ಲೋಸಿ ಆ ಸೀಮೆ ತಲುಪಿದ್ದು 1790ರ ಸುಮಾರಿಗೆ, ತರಗತಿ ನಡೆಯಲಾರಂಭಿಸಿದ ಮೇಲೆ.